ಬಟ್ಟಲಲ್ಲಿ ಅಡಗಿದ ಮೂಗುಬೊಟ್ಟು

"ಕೇಳಿರಪ್ಪೋ ಕೇಳಿ! ಕೊಂಡನಗರದ ದೊರೆ ವೀರನರೇಂದ್ರರ ಅಪ್ಪಣೆ! ತೀರಿಹೋದ ಮಹಾರಾಣಿಯವರ ಚಿನ್ನದ ಮೂಗುಬೊಟ್ಟು ಎಲ್ಲಿ ಹೋಯಿತೆಂದು ರಾಜಕುಮಾರಿಯವರು ಮೂರು ಒಗಟು ಇಟ್ಟಿದ್ದಾರೆ. ಬಿಡಿಸಿ, ಕಣ್ಣಾರೆ ತೋರಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ. ಹುಣ್ಣಿಮೆಯೊಳಗೆ ಯಾರೂ ಬಿಡಿಸದಿದ್ದರೆ, ಕಳ್ಳ ಮಲ್ಲಾರಿಯ ಹೆಂಡತಿ ಸಂಕವ್ವನಿಗೂ ಗಲ್ಲು!"

ಡಂಗುರ ಗಾಜುಗಾರರ ಕೇರಿಗೆ ಬಂದಾಗ ಮಲ್ಲಾರಿಯ ಮಗ ತಿಪ್ಪ ಆರಿದ ಭಟ್ಟಿಯ ಮುಂದೆ ಕೂತಿದ್ದ. ಮೂಗುಬೊಟ್ಟು ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಅಪ್ಪನನ್ನು ಗಲ್ಲಿಗೇರಿಸಿದ ದಿನವೂ ಅದು ಗೊತ್ತಿತ್ತು.

ನಡೆದದ್ದು ಇಷ್ಟು. ತಾಯಿಯ ನೆನಪಿಗೆಂದು ರಾಜಕುಮಾರಿ ಚಿತ್ರಲತೆ ಆ ಮೂಗುಬೊಟ್ಟನ್ನು ಮಲ್ಲಾರಿಗೆ ಕೊಟ್ಟು, ಒಂದು ಗಾಜಿನ ಬಟ್ಟಲಿಗೆ ಚಿನ್ನದ ಲೇಪ ಹಾಕಿಕೊಡು ಎಂದಿದ್ದಳು. ಅರಮನೆಯವರು ಹಳದಿಯ ಹೊಳಪಿಗೆ ಕಾದಿದ್ದರೆ ಬಂದದ್ದು ಬೆಳಕಿಗೆ ಹಿಡಿದರೆ ಕೆಂಪಾಗಿ ಕಾಣುವ ಬಟ್ಟಲು. "ಚಿನ್ನ ನುಂಗಿ ಬಣ್ಣ ಬಳಿದಿದ್ದಾನೆ" ಎಂದರು ಮಂತ್ರಿಗಳು. ಮಲ್ಲಾರಿ ಬಾಯಿ ಬಿಡಲಿಲ್ಲ. ಕೆಂಪಿನ ಗುಟ್ಟನ್ನು ಕೇರಿಯ ಹೊರಗೆ ಆಡುವುದಿಲ್ಲವೆಂದು ಗಾಜುಗಾರರೆಲ್ಲ ಭಟ್ಟಿ ಮುಟ್ಟಿ ಆಣೆ ಇಡುತ್ತಾರೆ. ಆಡಿದವನಿಗೆ ಕೇರಿಯಲ್ಲಿ ಯಾರೂ ಬೆಂಕಿ ಕೊಡುವುದಿಲ್ಲ. "ಮೌನಂ ಸಮ್ಮತಿ ಲಕ್ಷಣಂ" ಎಂದರು ಮಂತ್ರಿಗಳು. ಗಲ್ಲಿನ ಮೆಟ್ಟಿಲೇರುವಾಗ ಮಲ್ಲಾರಿ ಗುಂಪಿನಲ್ಲಿದ್ದ ಮಗನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ತಿಪ್ಪ ತಲೆಯಾಡಿಸಿದ. ದೊಡ್ಡ ಆಣೆ, ದೊಡ್ಡ ಮರ್ಯಾದೆ! ಸಾಸಿವೆಯಷ್ಟು ಚಿನ್ನಕ್ಕೆ ಒಂದು ಜೀವ ಹೋಯಿತು. ನನಗಂತೂ ಇದನ್ನು ಹೇಳುವಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಒಗಟು ಬಿಡಿಸಲು ಮೊದಲು ಬಂದವನು ವಜ್ರದ ವ್ಯಾಪಾರಿಯ ಮಗ. ರಾಜಕುಮಾರಿ ಕೇಳಿದಳು: "ನನ್ನ ತಾಯಿಯ ಚಿನ್ನ ಗಾಜುಗಾರನ ಮನೆ ಸೇರಿತು. ಹಳದಿಯಾಗಿ ಅದನ್ನು ಮತ್ತೆ ಕಂಡವರಿಲ್ಲ. ಈಗ ಅದು ಎಲ್ಲಿದೆ?"

"ಕಳ್ಳನ ಮನೆಯ ನೆಲದಲ್ಲಿ" ಎಂದ ಅವನು. ತಿಪ್ಪನ ಮನೆಯ ನೆಲವನ್ನೆಲ್ಲ ಅಗೆದರು. ಬೂದಿ ಬಿಟ್ಟು ಏನೂ ಸಿಗಲಿಲ್ಲ. ವ್ಯಾಪಾರಿಯ ಮಗನ ತಲೆ ಹೋಯಿತು.

ಎರಡನೆಯವನು ನೆರೆರಾಜ್ಯದ ಯುವರಾಜ. "ಬಟ್ಟಲಲ್ಲೇ ಇದೆ" ಎಂದ. ಒಂದು ಚೂರು ಒಡೆದು ಅಕ್ಕಸಾಲಿಗನಿಗೆ ಕೊಟ್ಟರು. ಅವನು ಅದನ್ನು ಪುಡಿಮಾಡಿ, ಕರಗಿಸಿ, ಸೂಜಿಮೊನೆಯಷ್ಟು ಚಿನ್ನ ತೆಗೆದು ತೋರಿಸಿದ. ಸಭೆ ಉಸಿರು ಬಿಟ್ಟಿತು. ಆದರೆ ರಾಜಕುಮಾರಿ ಎರಡನೆಯದನ್ನು ಕೇಳಿದಳು: "ಬೆಳಕು ಹೊರಗಿನಿಂದ ಬಿದ್ದರೆ ಬಟ್ಟಲು ಹಸಿರು. ಒಳಗೆ ದೀಪವಿಟ್ಟರೆ ಕೆಂಪು. ಇದರ ನಿಜವಾದ ಬಣ್ಣ ಯಾವುದು?"

"ಹಸಿರೇ ನಿಜ. ಕೆಂಪು ದೀಪದ್ದು."

ಅವಳು ಅದೇ ದೀಪವನ್ನು ಬಣ್ಣವಿಲ್ಲದ ಬೇರೊಂದು ಗಾಜಿನ ಬಟ್ಟಲಲ್ಲಿಟ್ಟಳು. ಬೆಳಕು ಬೆಳ್ಳಗೇ ಬಂತು. ಯುವರಾಜನ ತಲೆಯೂ ಹೋಯಿತು.

ಚಿನ್ನ ಬಟ್ಟಲಲ್ಲೇ ಇದೆಯೆಂದು ಅಷ್ಟರಲ್ಲಿ ಸಾಬೀತಾಗಿತ್ತಲ್ಲ, ಸೆರೆಯಲ್ಲಿದ್ದ ಸಂಕವ್ವನನ್ನು ಬಿಟ್ಟರೇ? ಇಲ್ಲ. "ಅರ್ಧ ಕದ್ದು ಅರ್ಧ ಹಾಕಿರಬಹುದು" ಎಂದರು ಮಂತ್ರಿಗಳು. ಮನಸ್ಸಿಲ್ಲದವರಿಗೆ ನೆಪಕ್ಕೇನು ಬರ?

ಹುಣ್ಣಿಮೆಯ ಬೆಳಗ್ಗೆ ತಿಪ್ಪ ಸಣ್ಣ ಭಟ್ಟಿಯೊಂದನ್ನು ತಲೆಯ ಮೇಲೆ ಹೊತ್ತು ಅರಮನೆಗೆ ಬಂದ. ಅವನು ಹೊರಟದ್ದನ್ನು ನೋಡಿಯೇ ಕೇರಿಯವರು ಬಾಗಿಲು ಹಾಕಿಕೊಂಡಿದ್ದರು.

"ಚಿನ್ನ ಬಟ್ಟಲ ಮೇಲಿನ ಲೇಪದಲ್ಲಿದೆ ಬುದ್ಧಿ, ಪೂರ್ತಿ" ಎಂದ. "ಈರುಳ್ಳಿಯ ಪೊರೆಗಿಂತ ತೆಳ್ಳಗಿರೋ ಗಾಜಿನ ಲೇಪ. ಚಿನ್ನಾನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು ಮಾಡಿ ಅದರೊಳಗೆ ಹುದುಗಿಸ್ತೀವಿ. ಅಷ್ಟು ಸಣ್ಣದಾದ ಮೇಲೆ ಚಿನ್ನಕ್ಕೆ ಹಳದಿ ಇರಲ್ಲ. ಅರ್ಧ ಕದ್ದಿದ್ರೆ ಕೆಂಪು ಇಷ್ಟು ಗಾಢವಾಗಿ ಬರ್ತಿರಲಿಲ್ಲ."

"ಹಾಗಾದರೆ ನಿಜವಾದ ಬಣ್ಣ?"

"ಎರಡೂ ನಿಜ ತಾಯಿ. ಆ ಹರಳು ಬೆಳಕಲ್ಲಿರೋ ಹಸಿರನ್ನ ತಡೆದು, ಸ್ವಲ್ಪ ನುಂಗಿ ಸ್ವಲ್ಪ ಹಿಂದಕ್ಕೆ ಎಸೀತದೆ. ಕೆಂಪನ್ನ ದಾಟೋಕೆ ಬಿಡ್ತದೆ. ಬೆಳಕಿನ ಕಡೆ ನಿಂತವರಿಗೆ ಹಸಿರು, ಬಟ್ಟಲಿನ ಆಚೆ ನಿಂತವರಿಗೆ ಕೆಂಪು."

ರಾಜಕುಮಾರಿ ಮೂರನೆಯದನ್ನು ಕೇಳಿದಳು. "ಮೊದಲ ಬೆಂಕಿಯಿಂದ ಬಂದಾಗ ಬಟ್ಟಲು ನೀರಿನಂತೆ ಬಣ್ಣವಿಲ್ಲದೆ ಇತ್ತೆಂದು ಭಟ್ಟಿಯ ಬಳಿ ಇಟ್ಟಿದ್ದ ನಮ್ಮ ಕಾವಲಿನವನು ನೋಡಿದ್ದಾನೆ. ಎರಡನೆಯ ಬೆಂಕಿಯಲ್ಲಿ ಕೆಂಪಾಯಿತು. ಆ ಬೆಂಕಿ ತಂದು ಸೇರಿಸಿದ್ದೇನು?"

"ಏನೂ ಇಲ್ಲ. ಮೊದಲ ಬೆಂಕೀಲಿ ಚಿನ್ನ ಒಂಟೊಂಟಿಯಾಗಿ ಚದುರಿರ್ತದೆ, ಬಣ್ಣ ಬರಲ್ಲ. ಎರಡನೇ ಕಾವಿಗೆ ಹತ್ತಿರ ಬಂದು ಹರಳು ಕಟ್ತದೆ, ಆಗ ಬಣ್ಣ ಬರ್ತದೆ. ಕಾವು ಜಾಸ್ತಿಯಾದ್ರೆ ಹರಳು ದಪ್ಪವಾಗಿ ಕೆಂಪು ಕೆಡ್ತದೆ. ನಮ್ಮಪ್ಪನ ಕೈಯಲ್ಲಿ ಒಂದು ಸಲವೂ ಕೆಡಲಿಲ್ಲ."

ಅವನು ಭಟ್ಟಿ ಹೊತ್ತಿಸಿದ. ಮೊದಲ ಬೆಂಕಿ ಕಂಡ, ಬಣ್ಣವಿಲ್ಲದ ಗಾಜಿನ ಬಿಲ್ಲೆಯೊಂದನ್ನು ಸಭೆಗೆಲ್ಲ ತೋರಿಸಿ ಕಾವಿಗೆ ಹಿಡಿದ. ನೋಡನೋಡುತ್ತ ಅದರ ಅಂಚಿನಿಂದ ಕೆಂಪು ಹರಡಿತು. ಯಾರೂ ಏನನ್ನೂ ಹಾಕಲಿಲ್ಲ. ಚಿತ್ರಲತೆ ಮುಖ ಮುಚ್ಚಿಕೊಂಡು ಅತ್ತಳು.

ದೊರೆ ಗಂಟಲು ಸರಿಮಾಡಿಕೊಂಡರು. "ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಮದುವೆ, ಅರ್ಧ ರಾಜ್ಯ, ಎರಡೂ ನಿನ್ನವು."

"ಎರಡೂ ಬೇಡ ಬುದ್ಧಿ. ಅಪ್ಪ ಕಳ್ಳನಲ್ಲ ಅಂತ ಅದೇ ಡಂಗುರದಲ್ಲಿ ಅದೇ ಬೀದೀಲಿ ಸಾರಿಸಿ. ನಮ್ಮವ್ವನ್ನ ಬಿಡಿ."

ಎರಡೂ ನಡೆದವು. ಸೆರೆಮನೆಯ ಬಾಗಿಲಲ್ಲಿ ಸಂಕವ್ವ ಹೊರಬಂದಳು. ತಿಪ್ಪ ಕಾಲಿಗೆ ಬಿದ್ದ. ಡಂಗುರದ ಸದ್ದು ದೂರದಲ್ಲಿ ಕೇಳುತ್ತಿತ್ತು.

"ನನಗೋಸ್ಕರ ಬಾಯಿ ಬಿಟ್ಟೆಯಾ ಮಗ?"

"ಹೂಂ ಅವ್ವ. ಇನ್ನು ಕೇರೀಲಿ ನಮಗೆ ಬೆಂಕಿ ಇಲ್ಲ. ಆದ್ರೂ ಬಿಟ್ಟೆ."

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

"ಇವತ್ತು ಬಿಟ್ಟ ಬಾಯಿನ ಅವತ್ತೇ ಬಿಟ್ಟಿದ್ರೆ ನಿಮ್ಮಪ್ಪ ಇರ್ತಿದ್ನಲ್ಲೋ. ಅವತ್ತು ಯಾಕೋ ಬಿಡಲಿಲ್ಲ?"

ಮೂರು ಒಗಟು ಬಿಡಿಸಿದವನು, ಅಪ್ಪ ಗಲ್ಲಿನ ಮೆಟ್ಟಿಲ ಮೇಲೆ ಇಟ್ಟಂತೆ, ತುಟಿಯ ಮೇಲೆ ಬೆರಳಿಟ್ಟ. ತಾಯಿಯ ಕೈ ಹಿಡಿದು ಊರಾಚೆಯ ದಾರಿ ಹಿಡಿದ. ಬಟ್ಟಲು ಅರಮನೆಯಲ್ಲಿ ಉಳಿಯಿತು, ಕತೆ ನಮ್ಮ ಪಾಲಿಗೆ ಬಂತು.