ಕೆಂದಿಯ ಮೆಲುಕು

"ಗುರುಗಳೇ, ಒಂದು ಜಪ ಹಿಡಿದೆ, ಬಿಟ್ಟು ಇನ್ನೊಂದು ಹಿಡಿದೆ. ಸಿಕ್ಕಿದ ಗ್ರಂಥವನ್ನೆಲ್ಲ ಓದಿದೆ. ಒಂದೂ ಮೈಗೆ ಹತ್ತಲಿಲ್ಲ. ಇನ್ನು ಏನು ಮಾಡಲಿ?" ಎಂದು ಶಿಷ್ಯ ನಿರಂಜನ ಕೇಳಿದ. ಕೇಳುವಾಗಲೂ ಅವನು ಕೂತಲ್ಲಿ ಕೂರಲಿಲ್ಲ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಒಂದೇ ಹಸುವಿತ್ತು. ಅದರ ಹೆಸರು ಕೆಂದಿ. ಹೆಂಡತಿಯ ತವರಿನಿಂದ ಬಂದದ್ದು. ಮಕ್ಕಳ ಹಾಲು, ಮನೆಯ ಮಜ್ಜಿಗೆ ಎಲ್ಲವೂ ಅದರಿಂದಲೇ. ಒಂದು ದಿನ ಹಾಲು ಕೊಂಚ ತಗ್ಗಿತು. ಸುಮ್ಮನಿರುವುದು ರೈತನ ಜಾತಕದಲ್ಲೇ ಇರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ನೋಡು.

ಯಾರೋ ಹಿಂಡಿ ಹಾಕು ಎಂದರು. ಹಾಕಿದ. ನಾಲ್ಕು ದಿನ ಹೋಗಲಿಲ್ಲ, ಇನ್ಯಾರೋ ಬೂಸಾ ಒಳ್ಳೆಯದೆಂದರು. ಹಿಂಡಿ ಬಿಟ್ಟು ಬೂಸಾ ಕಲಸಿದ. ಆಮೇಲೆ ಜೋಳದ ನುಚ್ಚು, ಅದಾದ ಮೇಲೆ ನೆನೆಸಿದ ಹುರುಳಿ. ತಿಂದ ಹಸು ಮಲಗಿ ಮೆಲುಕು ಹಾಕತೊಡಗಿದರೆ ಇವನ ಎದೆ ಹೊಡೆದುಕೊಳ್ಳುತ್ತಿತ್ತು. ಅಯ್ಯೋ, ಸುಮ್ಮನೆ ಮಲಗಿದೆಯಲ್ಲ! ಬಾಲ ತಿರುವಿ ಎಬ್ಬಿಸಿ ಮತ್ತೊಂದು ಬುಟ್ಟಿ ಮುಂದಿಡುತ್ತಿದ್ದ. ಹಸುವಿನ ಹೊಟ್ಟೆ ಉಬ್ಬಿತು, ಸಗಣಿ ನೀರಾಯಿತು, ಹಾಲು ಇನ್ನೂ ಇಳಿಯಿತು.

"ಇದು ಬತ್ತಿಹೋಯಿತು. ಬರುವ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡುತ್ತೇನೆ" ಎಂದ. ಹೆಂಡತಿ ಕೊಟ್ಟಿಗೆಗೆ ಹೋಗಿ ಕೆಂದಿಯ ಕೊರಳು ಸವರಿದಳು.

ಸಂತೆಯ ಹಿಂದಿನ ದಿನ ರೈತನಿಗೇ ಜ್ವರ ಹಿಡಿಯಿತು. ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮಲಗಿದಲ್ಲೇ ಹೊರಳಾಡುತ್ತ, ಹಸು ಎದ್ದಿತೇ, ತಿಂದಿತೇ ಎಂದು ಚಡಪಡಿಸಿದ. ಆ ಸಂತೆ ಕಳೆಯಿತು, ಮುಂದಿನದೂ ಕಳೆಯಿತು. ಜ್ವರ ಬಿಟ್ಟ ಬೆಳಿಗ್ಗೆ ಹೆಂಡತಿ ಹಾಲಿನ ಪಾತ್ರೆ ತಂದು ಮುಂದಿಟ್ಟಳು. ಅಂಚಿನವರೆಗೂ ನೊರೆಯಿತ್ತು.

"ಇಷ್ಟು ಹಾಲಾ! ಏನು ಹಾಕಿದೆ, ಹೇಳೇ?"

"ಅದೇ ರಾಗಿ ಹುಲ್ಲು, ಒಂದಿಷ್ಟು ಹಸಿಮೇವು, ಮಿಕ್ಕಿದ್ದ ಬೂಸಾ. ದಿನಾ ಅಷ್ಟೇ. ಅದು ಮಲಗಿದಾಗ ನಾನು ಕೊಟ್ಟಿಗೆ ಕಡೆ ಹೋಗಲಿಲ್ಲ ಕಣ್ರೀ. ನೀವಂತೂ ಏಳೋ ಹಾಗಿರಲಿಲ್ಲ."

ಗುರುಗಳು ಕತೆ ನಿಲ್ಲಿಸಿದರು. ಅವರ ಮಾತು ಮುಗಿಯುವುದನ್ನೇ ಕಾಯುತ್ತಿದ್ದ ನಿರಂಜನ ಮುಂದಕ್ಕೆ ಬಾಗಿದ. "ತಿಳಿಯಿತು ಗುರುಗಳೇ! ಹಾಗಾದರೆ ನಾಳೆಯಿಂದ ನಾನು ಯಾವ ಸಾಧನೆ..."

"ಹಸು ಈಗ ತಾನೇ ಮಲಗಿದೆ ಮಗು, ಎಬ್ಬಿಸಬೇಡ" ಎಂದರು ಗುರುಗಳು.