ಸುಣ್ಣದ ಗೂಡಿನ ಗರಡಿ

ಈ ಕತೆಯನ್ನು ಮೊದಲು ಹೇಳಿದವರು ಹೊನ್ನಗೆರೆಯ ನಂಜುಂಡಾರಾಧ್ಯರು. ಊರಿನ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿ, ಆಮೇಲೆ ಮನೆಯ ಜಗಲಿಯ ಮೇಲೆ ಕೂತು, ಕೇಳಲು ಬಂದವರಿಗೆ ಹೇಳುತ್ತಿದ್ದವರು. ಅವರ ಶಿಷ್ಯ ಪುಟ್ಟಮಾದಯ್ಯ ಒಂದು ಕಾಲೇಜಿನಲ್ಲಿ ಆಟ ಕಲಿಸುವ ಮೇಷ್ಟ್ರು. ಸುತ್ತಲಿನ ಕೆಲವು ಕಾಲೇಜುಗಳು ಕೂಡಿ ಕಟ್ಟಿಕೊಂಡ ಕ್ರೀಡಾ ಒಕ್ಕೂಟಕ್ಕೆ ಆ ವರ್ಷ ಅವನೇ ಕಾರ್ಯದರ್ಶಿ. ಒಂದು ಬೆಳಿಗ್ಗೆ ಅವನು ಬಂದು ಕೇಳಿದ.

"ಗುರುಗಳೇ, ನಮ್ಮ ಒಕ್ಕೂಟಕ್ಕೆ ಇನ್ನೊಂದು ಕಾಲೇಜನ್ನು ಸೇರಿಸಿಕೊಳ್ಳಬೇಕು. ಎರಡು ಹೆಸರು ಮುಂದಿವೆ. ಯಾರನ್ನು ಸೇರಿಸಿಕೊಳ್ಳಲಿ?"

"ಯಾರು ಆ ಇಬ್ಬರು?"

"ಒಂದು ಪಟ್ಟಣದ ಕಾಲೇಜು. ಅವರಿಗೆ ದೊಡ್ಡ ಮೈದಾನ ಇದೆ, ದೀಪಗಳಿವೆ. ಆಟಗಾರರನ್ನು ದೂರದೂರದಿಂದ ಕರೆಸಿ ಇಟ್ಟುಕೊಂಡಿದ್ದಾರೆ. ಅವರು ಬಂದರೆ ಪೇಪರಿನವರೂ ಬರುತ್ತಾರೆ, ನಮ್ಮ ಹೆಸರೂ ಮೇಲೇಳುತ್ತದೆ. ಇನ್ನೊಂದು ಬೆಟ್ಟದ ಕೆಳಗಿನ ಸರ್ಕಾರಿ ಕಾಲೇಜು. ಮೈದಾನದ ತುಂಬ ಕಲ್ಲು. ಹುಡುಗರು ಬರಿಗಾಲಲ್ಲಿ ಓಡುತ್ತಾರೆ. ಹಿಂದೆ ಒಮ್ಮೆ ಸೇರಿಸಿಕೊಳ್ಳಿ ಎಂದು ಕೇಳಿದ್ದರಂತೆ. ನಮ್ಮವರು ಉತ್ತರ ಕೊಡಲಿಲ್ಲ. ಈಗ ನಮ್ಮಲ್ಲೇ ಯಾರೋ ಒಬ್ಬರು ಅವರ ಹೆಸರೆತ್ತಿದರು. ಉಳಿದವರು ನಕ್ಕರು. ನಾಳೆ ಸಭೆ. ನಾನು ಏನು ಹೇಳಿದರೆ ಅದೇ ಆಗುವ ಹಾಗಿದೆ."

ಆರಾಧ್ಯರು ವಿಭೂತಿಯ ಗಟ್ಟಿಯನ್ನು ಗೂಡಿನಲ್ಲಿಟ್ಟು ಬಂದು ಕೂತರು. ಕತೆ ಹೇಳಿದರು.

ಒಂದು ಹೊಳೆಯ ಈಚೆ ದಡದಲ್ಲಿ ಐದು ಗರಡಿಗಳಿದ್ದವು. ಐದೂ ಗರಡಿಯವರು ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ಸುಗ್ಗಿ ಮುಗಿದ ಮೇಲೆ ಒಬ್ಬರ ಗರಡಿಗೆ ಇನ್ನೊಬ್ಬರು ಹೋಗಿ ಕುಸ್ತಿ ಆಡುವರು. ಆ ಕೂಟಕ್ಕೆ ಒಂದು ಕಟ್ಟಳೆ ಇತ್ತು. ಗೆದ್ದವನು ಬೆನ್ನು ತಟ್ಟಿಸಿಕೊಂಡು ಹೊರಟುಹೋಗುವ ಹಾಗಿಲ್ಲ. ಮಾರನೆಯ ದಿನ ಬಿದ್ದವನ ಗರಡಿಗೆ ಹೋಗಿ, ತಾನು ಯಾವ ಪಟ್ಟಿನಿಂದ ಕೆಡವಿದೆನೋ ಆ ಪಟ್ಟನ್ನು ಅವನಿಗೆ ಕಲಿಸಿ ಬರಬೇಕು. ಹಾಗಾಗಿ ಆ ಐದು ಗರಡಿಗಳಲ್ಲಿ ಒಬ್ಬನೇ ಯಾವಾಗಲೂ ಗೆದ್ದದ್ದೂ ಇಲ್ಲ, ಒಬ್ಬನೇ ಯಾವಾಗಲೂ ಸೋತದ್ದೂ ಇಲ್ಲ.

ಆ ಐದರಲ್ಲಿ ಒಂದು ಗರಡಿಗೆ ಒಬ್ಬ ಉಸ್ತಾದ ಇದ್ದ. ವಯಸ್ಸಾಗಿತ್ತು. ಕಿವಿಗಳು ಮಣ್ಣಿಗೆ ಉಜ್ಜಿ ಉಜ್ಜಿ ಮುದುರಿಹೋಗಿದ್ದವು. ಬೆಳಿಗ್ಗೆ ಎದ್ದು ಹನುಮಂತನಿಗೆ ಹೂವಿಟ್ಟು, ಕುಸ್ತಿಯಾಡುವ ಮಟ್ಟಿಯ ಮಣ್ಣನ್ನು ಹಣೆಗೆ ಹಚ್ಚಿಕೊಂಡ ಮೇಲೆಯೇ ಬಾಯಿಗೆ ನೀರು ಹಾಕುತ್ತಿದ್ದ.

ಕೂಟ ಬೆಳೆಯಬೇಕು, ಆರನೆಯವರನ್ನು ಸೇರಿಸಿಕೊಳ್ಳಬೇಕು ಎಂದು ಹಿರಿಯರಿಗೆ ಅನ್ನಿಸಿತು. ಪೇಟೆಯಲ್ಲಿ ಒಬ್ಬ ವ್ಯಾಪಾರಿ ಹೊಸ ಗರಡಿ ಕಟ್ಟಿಸಿದ್ದ. ಹೆಂಚು ಹೊದೆಸಿದ ಮನೆ, ಕೂತು ನೋಡುವವರಿಗೆ ಮೆಟ್ಟಿಲು, ಬಾಗಿಲಲ್ಲಿ ತಮಟೆ. ಪೈಲ್ವಾನರನ್ನು ಊರೂರಿಂದ ಕರೆತಂದು, ಹಾಲು ತುಪ್ಪ ಹಾಕಿ ಸಾಕಿದ್ದ. ಹೊಳೆಯ ಆಚೆ ದಡದಲ್ಲಿ ಸುಣ್ಣ ಸುಡುವವರದ್ದೂ ಒಂದು ಗರಡಿ ಇತ್ತು. ಅದಕ್ಕೆ ಮಾಡೂ ಇಲ್ಲ, ಗೋಡೆಯೂ ಇಲ್ಲ. ಗೂಡಿನ ಪಕ್ಕದಲ್ಲಿ ಮಣ್ಣು ಅಗೆದು ಹದ ಮಾಡಿಕೊಂಡಿದ್ದರು, ಅಷ್ಟೆ.

ಹಿರಿಯರು ಜಮಖಾನ ಹಾಸಿ ಕೂತರು. ಉಸ್ತಾದ ಹೇಳಿದ, "ಸುಣ್ಣದವರನ್ನ ಕರೀರಿ. ಪಕ್ಕದವರು."

ಒಬ್ಬ ಹಿರಿಯ ನಕ್ಕ. "ಏನ್ ಉಸ್ತಾದ್ರೆ, ಅವರನ್ನ ಹಿಡಿದರೆ ಕೈ ಉರೀತದೆ. ಕುಸ್ತಿ ಆಡೋದೋ, ಮನೆಗೆ ಸುಣ್ಣ ಬಳಿಯೋದೋ?"

"ಅವರು ಹಿಂದೆ ಒಂದ್ಸಲ ಬಂದು ಕೇಳಿದ್ರು. ಆವಾಗ್ಲೂ ಹೀಗೇ ನಕ್ಕಿದ್ದಾಯ್ತು."

"ಈಗ್ಲೂ ನಗು ಬರ್ತದಲ್ಲ, ಏನ್ಮಾಡೋಣ?"

ಉಸ್ತಾದ ಆ ದಿನ ಅಲ್ಲಿಗೆ ಸುಮ್ಮನಾದ. ಮೊದಲು ವ್ಯಾಪಾರಿಯ ಗರಡಿಗೇ ಹೋಗಿ ಅವನ ಪೈಲ್ವಾನನ ಜೊತೆ ಒಂದು ಕುಸ್ತಿ ಆಡಿ ನೋಡೋಣ ಎಂದು ಮಾತಾಯಿತು. ಆಡುವವನು ಯಾರು ಎಂದಾಗ ಉಸ್ತಾದನ ಶಿಷ್ಯನನ್ನೇ ಆರಿಸಿದರು. ಐದು ಗರಡಿಗೂ ಅವನೇ ಗಟ್ಟಿಗ.

ಕುಸ್ತಿ ಬಹಳ ಹೊತ್ತು ನಡೆಯಲಿಲ್ಲ. ವ್ಯಾಪಾರಿಯ ಪೈಲ್ವಾನ ಕುತ್ತಿಗೆಗೆ ಕೈ ಹಾಕಿದ. ಆಮೇಲೆ ಏನಾಯಿತೋ ಯಾರ ಕಣ್ಣಿಗೂ ಬೀಳಲಿಲ್ಲ. ಶಿಷ್ಯ ಅಂಗಾತ ಬಿದ್ದಿದ್ದ. ಮೆಟ್ಟಿಲ ಮೇಲಿದ್ದ ಜನ ಎದ್ದು ಕೂಗಿದರು. ತಮಟೆ ಬಡಿಯಿತು. ಶಿಷ್ಯ ಎದ್ದು ಕೂತ, ಆದರೆ ಮಟ್ಟಿಯಿಂದ ಮೇಲೆ ಬರಲಿಲ್ಲ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಬಿದ್ದದ್ದಕ್ಕೆ ಅವನಿಗೆ ನಾಚಿಕೆ ಇರಲಿಲ್ಲ. ಹೇಗೆ ಬಿದ್ದೆ ಎಂಬುದೇ ತಿಳಿಯದೆ ಅವನೊಳಗೆ ಹೆದರಿಕೆ ಹೊಕ್ಕಿತ್ತು. ಉಸ್ತಾದ ಅದನ್ನು ಕಂಡ. ಹೀಗೆ ಹೆದರಿದವನಿಗೆ ಬೇಗ ದಾರಿ ತೋರಿಸದಿದ್ದರೆ ಅವನು ಇನ್ನು ಮಟ್ಟಿಗೆ ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಉಸ್ತಾದ ವ್ಯಾಪಾರಿಯ ಮುಂದೆ ಹೋಗಿ ನಿಂತ. "ಯಜಮಾನ್ರೆ, ನಾಳೆ ನಿಮ್ಮ ಪೈಲ್ವಾನರನ್ನ ನಮ್ಮ ಗರಡಿಗೆ ಕಳಿಸಿಕೊಡಿ. ಆ ಪಟ್ಟು ನಮ್ಮವನಿಗೆ ಹೇಳಿಕೊಟ್ಟು ಬರಲಿ. ನಮ್ಮ ಕೂಟದ ಕಟ್ಟಳೆ ಅದು."

ವ್ಯಾಪಾರಿ ಪಕ್ಕದವರ ಮುಖ ನೋಡಿ ನಕ್ಕ. "ಅಂಗಡೀಲಿರೋ ಸರಕನ್ನ ಎದುರಂಗಡಿಯವನಿಗೆ ಪುಕ್ಕಟೆ ಕೊಟ್ಟು ಬರೋಕೆ ನನಗೇನು ಹುಚ್ಚೇ ಅಜ್ಜ? ಬಿದ್ದವನು ಎದ್ದು ಮೈ ಕೊಡವಿಕೊಂಡು ಮನೆಗೆ ಹೋಗಬೇಕು."

ಉಸ್ತಾದ ಹಿರಿಯರ ಕಡೆ ತಿರುಗಿದ. ಒಬ್ಬ ಹಿರಿಯ ಮೀಸೆ ಸವರಿಕೊಂಡ. ಇನ್ನೊಬ್ಬ ಮೆಟ್ಟಿಲ ಮೇಲಿನ ಜನರನ್ನು ನೋಡುತ್ತಾ ಮೆಲ್ಲಗೆ ಹೇಳಿದ, "ಇದೊಂದು ಬಿಟ್ಟುಬಿಡಿ ಉಸ್ತಾದ್ರೆ. ಇಷ್ಟು ಜನ ನಮ್ಮ ಕುಸ್ತಿಗೆ ಯಾವತ್ತಾದ್ರೂ ಬಂದಿದ್ರಾ? ಕಟ್ಟಳೆ ಗಿಟ್ಟಳೆ ಅಂತ ಹಠ ಹಿಡಿಯೋರು ಕೂಟದಲ್ಲಿ ಇರೋದು ಕಷ್ಟ ಆಯ್ತದೆ."

ಉಸ್ತಾದ ಹೆಗಲ ಮೇಲಿನ ಟವೆಲನ್ನು ತೆಗೆದು ತಲೆಗೆ ಸುತ್ತಿದ.

"ಕಷ್ಟ ಯಾಕೆ ಪಡ್ತೀರಿ? ನಾನೇ ಹೊರಟೆ. ಮೆಟ್ಟಿಲು ನಿಮಗಿರಲಿ, ತಮಟೆ ನಿಮಗಿರಲಿ, ಕೂಟ ಅನ್ನೋ ಹೆಸರೂ ನೀವೇ ಇಟ್ಕೊಳ್ಳಿ. ಕಟ್ಟಳೆ ನಿಮಗೆ ಬೇಡವಾಯ್ತಲ್ಲ, ಅದನ್ನ ನಾನು ತಗೊಂಡು ಹೋಗ್ತೀನಿ."

ಶಿಷ್ಯನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಅವನು ಜನರ ನಡುವೆಯೇ ನಡೆದು ಹೋದ. ದಾರಿ ಬಿಡಿ ಎಂದು ಯಾರನ್ನೂ ಕೇಳಲಿಲ್ಲ. ಜನರೇ ಸರಿದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಹೊಳೆ ದಾಟಿದರು. ಸುಣ್ಣ ಸುಡುವವರ ಗರಡಿಯ ಯಜಮಾನ ಗೂಡಿನಿಂದ ಸುಟ್ಟ ಕಲ್ಲನ್ನು ಎಳೆದು ಹಾಕುತ್ತಿದ್ದ. ರೆಪ್ಪೆಯ ಮೇಲೂ ಬಿಳಿಯ ಹುಡಿ ಕೂತಿತ್ತು. ಬಂದವರನ್ನು ನೋಡಿದ, ಕೆಲಸ ನಿಲ್ಲಿಸಲಿಲ್ಲ.

ಉಸ್ತಾದ ಹೇಳಿದ, "ನಿಮ್ಮನ್ನ ಜೊತೆಗೆ ಸೇರಿಸ್ಕೊಳ್ಳೋಣ ಅಂತ ಬಂದೆ."

"ಓಹೋ. ಯಾವುದಕ್ಕೆ?"

ಯಾವುದಕ್ಕೆ ಎಂದರೆ ತೋರಿಸಲು ಉಸ್ತಾದನಿಗೆ ಕೂಟವೇ ಇರಲಿಲ್ಲ.

"ನಿನ್ನೆ ನಡೆದದ್ದೆಲ್ಲ ಇಲ್ಲಿಗೂ ಮುಟ್ಟಿದೆ ಸ್ವಾಮಿ," ಎಂದ ಸುಣ್ಣದವನು. "ನಾವು ಬಂದು ನಿಂತಾಗ ನಮ್ಮನ್ನ ಹಿಡಿದರೆ ಕೈ ಉರೀತದೆ ಅಂದ್ರಿ. ಈಗ ನಿಮ್ಮ ಹೊಟ್ಟೆ ಉರಿದಾಗ ನಮ್ಮ ನೆನಪು ಬಂತಾ?"

ಹಿಂದೆ ಹಿರಿಯರು ನಕ್ಕ ದಿನ ಉಸ್ತಾದ ನಕ್ಕಿರಲಿಲ್ಲ, ನಿಜ. ಆದರೆ ಎದ್ದು ಹೊರಟೂ ಇರಲಿಲ್ಲ. ಅವನು ತಲೆಯ ಟವೆಲನ್ನು ಬಿಚ್ಚಿದ.

"ತಪ್ಪಾಗಿದೆ. ಸೇರಿಸ್ಕೊಳ್ತೀನಿ ಅಂದದ್ದೂ ತಪ್ಪು. ಇವನು ಹೇಗೆ ಬಿದ್ದ ಅಂತ ಇವನಿಗೆ ಗೊತ್ತಾಗಬೇಕು. ಆ ಪಟ್ಟು ನಿಮಗೆ ಗೊತ್ತಾ?"

"ನಮಗೆಲ್ಲಿಂದ ಗೊತ್ತಾಗ್ತದೆ? ನಮಗೆ ಯಾರು ಬಂದು ಹೇಳಿಕೊಟ್ಟವರೆ?" ಸುಣ್ಣದವನು ಕೈಯಲ್ಲಿದ್ದ ಕೊಕ್ಕೆಯನ್ನು ಬದಿಗೆ ಒರಗಿಸಿದ. ಶಿಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮುಖದ ಬಿಗಿ ಸಡಿಲಾಯಿತು. "ಬಾರಪ್ಪ ಇಲ್ಲಿ. ನೀನು ಹೆಂಗೆ ಬಿದ್ದೆ, ತೋರಿಸು. ನಾವೂ ಬೀಳ್ತೀವಿ. ಬಿದ್ದು ಬಿದ್ದು ನೋಡಿದ್ರೆ ಎಲ್ಲೋ ಒಂದು ಕಡೆ ಸಿಕ್ಕೇ ಸಿಕ್ತದೆ." ಆಮೇಲೆ ಉಸ್ತಾದನ ಕಡೆ ತಿರುಗಿದ. "ನೀವೂ ಅಂಗಿ ಬಿಚ್ಚಿ. ದೊಡ್ಡೋರು ಅಂತ ದಡದಲ್ಲಿ ಕೂತು ನೋಡೋದು ನಮ್ಮಲ್ಲಿಲ್ಲ."

ಉಸ್ತಾದ ಅಂಗಿ ಬಿಚ್ಚಿದ. ಬಗ್ಗಿ ಆ ಬಿಳಿಚಿದ ಮಣ್ಣನ್ನು ಹಣೆಗೆ ಹಚ್ಚಿಕೊಂಡ. ಹಣೆ ಚುರುಗುಟ್ಟಿತು. ಇಳಿದ.

ಗೂಡಿಗೆ ಬೆಂಕಿಯಿಲ್ಲದ ಹೊತ್ತಿನಲ್ಲೆಲ್ಲ ಅವರು ಬಿದ್ದರು. ಶಿಷ್ಯ ತಾನು ಬಿದ್ದ ರೀತಿಯಲ್ಲೇ ಸುಣ್ಣದವರನ್ನು ಕೆಡವಲು ನೋಡಿದ, ಆಗಲಿಲ್ಲ. ಅವರು ಶಿಷ್ಯನನ್ನು ಕೆಡವಲು ನೋಡಿದರು, ಕೆಡವಿದರು, ಆದರೆ ಆ ರೀತಿಯಲ್ಲಲ್ಲ. ಮುದಿ ಉಸ್ತಾದನನ್ನೂ ಕೆಡವಿದರು. "ಏಳಿ ಅಜ್ಜ, ಇನ್ನೂ ಉಸಿರಿದೆ ನಿಮಗೆ," ಎಂದು ನಕ್ಕು ಕೈ ಕೊಟ್ಟು ಎತ್ತಿದರು. ಅವನ ಮೊಣಕೈ ಸುಲಿಯಿತು. ಎಲ್ಲರೂ ಬೀಳುವವರೇ ಆದಾಗ ಶಿಷ್ಯನ ಹೆದರಿಕೆ ಎತ್ತ ಹೋಯಿತೋ ಅವನಿಗೇ ತಿಳಿಯಲಿಲ್ಲ. ಹೀಗೇ ಒಂದು ದಿನ ಬೀಳುತ್ತಾ ಬೀಳುತ್ತಾ ಅವನೇ ಕೂಗಿದ.

"ಅವನು ನನ್ನ ಎತ್ತಲಿಲ್ಲ ಉಸ್ತಾದ್ರೆ! ಬಿಟ್ಟ. ಕುತ್ತಿಗೆ ಹಿಡಿದಿದ್ದ ಕೈಯನ್ನ ತಟ್ಟನೆ ಬಿಟ್ಟ. ಬಿಡಿಸ್ಕೊಳ್ಳೋಕೆ ಹಿಂದಕ್ಕೆ ಜಗ್ಗುತ್ತಿದ್ದೆ, ಹಾಗೇ ಹಿಂದಕ್ಕೆ ಉರುಳಿದೆ. ಅಷ್ಟೇ. ನಾನು ಬಿದ್ದದ್ದು ನನ್ನ ಭಾರಕ್ಕೇ."

ಸುಣ್ಣದವನು ಮಣ್ಣಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದಿದ. ಆ ಪಟ್ಟನ್ನು ಅಂದೇ ಎಲ್ಲರೂ ಕಲಿತರು. ಅದಕ್ಕೆ ಎದುರು ಪಟ್ಟನ್ನೂ ಕಟ್ಟಿದರು.

ಇತ್ತ ವ್ಯಾಪಾರಿಯನ್ನು ಸೇರಿಸಿಕೊಂಡ ಕೂಟದಲ್ಲಿ ಅವನ ಪೈಲ್ವಾನರು ಎಲ್ಲರನ್ನೂ ಕೆಡವಿದರು. ಬಿದ್ದವರಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಬಿದ್ದವರು ಮತ್ತೆ ಮತ್ತೆ ಬಿದ್ದರು, ಆಮೇಲೆ ಬರುವುದನ್ನೇ ಬಿಟ್ಟರು. ಉಳಿದ ನಾಲ್ಕು ಗರಡಿಗಳ ಮಟ್ಟಿಯಲ್ಲಿ ಗರಿಕೆ ಹುಟ್ಟಿತು. ಯಾರು ಗೆಲ್ಲುತ್ತಾರೆಂದು ಮೊದಲೇ ತಿಳಿದ ಮೇಲೆ ಮೆಟ್ಟಿಲ ಮೇಲಿನ ಜನವೂ ಕರಗಿತು.

ಮುಂದಿನ ಸುಗ್ಗಿಯಾದ ಮೇಲೆ, ಮೀಸೆ ಸವರಿಕೊಂಡಿದ್ದ ಆ ಹಿರಿಯ ತಾನೇ ಹೊಳೆ ದಾಟಿ ಬಂದ. ಉಸ್ತಾದ ಮಟ್ಟಿಯ ಮಣ್ಣು ಹದ ಮಾಡುತ್ತಿದ್ದ. ಮೈಯೆಲ್ಲ ಬೆಳ್ಳಗಾಗಿತ್ತು. ಹಿರಿಯನಿಗೆ ಮೊದಲು ಗುರುತೇ ಸಿಗಲಿಲ್ಲ.

"ಉಸ್ತಾದ್ರೆ, ಹಿಂದಿರುಗಿ ಬನ್ನಿ. ನಿಮ್ಮ ಜಾಗ ಹಾಗೇ ಇದೆ. ನಿಮ್ಮ ಹುಡುಗ ಒಬ್ಬ ಬಂದರೆ ವ್ಯಾಪಾರಿಯವರನ್ನ ತಡೆಯಬಹುದು." ಆಮೇಲೆ ದನಿ ತಗ್ಗಿಸಿದ. "ಇವರ ವಿಷಯ ಮಾತ್ರ ಈಗ ಎತ್ತಬೇಡಿ. ಮುಂದೆ ನೋಡೋಣ."

ಉಸ್ತಾದ ನೆಟ್ಟಗೆ ನಿಂತ. ದನಿ ತಗ್ಗಿಸಲಿಲ್ಲ. ಗೂಡಿನ ಹತ್ತಿರ ಇದ್ದವರೆಲ್ಲ ಕೇಳುವ ಹಾಗೆ ಹೇಳಿದ.

"ಹೋಗಿ ಹೇಳಿ. ಜಾಗ ಕೇಳಿಕೊಂಡು ನಾನು ನಿಮ್ಮ ಜಮಖಾನದ ತುದಿಗೆ ಬರೋನಲ್ಲ. ನಿಮಗೆ ಕುಸ್ತಿ ಬೇಕಾದ್ರೆ ನೀವು ಬನ್ನಿ. ವ್ಯಾಪಾರಿಗೆ ಬೇಕಾದ್ರೆ ಅವನೂ ಬರಲಿ, ತಮಟೆ ಬಿಟ್ಟು ಬರಲಿ. ಇಲ್ಲಿ ಕೈ ಉರೀತದೆ, ಮೈ ಸುಲೀತದೆ. ಆದರೆ ಬಿದ್ದವನನ್ನ ಕೆಳಗೇ ಬಿಟ್ಟು ಯಾರೂ ಮನೆಗೆ ಹೋಗಲ್ಲ. ಯಾರು ಬಿದ್ದರೂ ಪಟ್ಟು ಹೇಳಿಕೊಟ್ಟೇ ಕಳಿಸ್ತೀವಿ. ನೀವು ಬಿದ್ದರೂ ಅಷ್ಟೇ."

ಕೂರಿ ಎಂದು ಸುಣ್ಣದವನು ಕಲ್ಲನ್ನು ಒರೆಸಿಕೊಟ್ಟ. ಹಿರಿಯ ಕೂರಲಿಲ್ಲ. ಹೊಳೆಯ ಕಡೆ ಹೊರಟ. ಉಸ್ತಾದ ಮತ್ತೆ ಗುದ್ದಲಿ ಹಿಡಿದ.

ಆರಾಧ್ಯರು ಇಲ್ಲಿಗೆ ನಿಲ್ಲಿಸಿದರು.

ಪುಟ್ಟಮಾದಯ್ಯನ ಮುಖ ಅರಳಿತ್ತು. ನಾಳಿನ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದ ಮಾತು ಅವನಿಗೆ ಸಿಕ್ಕಿದಂತಾಗಿತ್ತು. "ತಿಳಿಯಿತು ಗುರುಗಳೇ. ಯಾರು ಎಷ್ಟೇ ನಗಲಿ, ಕಾರ್ಯದರ್ಶಿ ಪದವಿ ಹೋದರೂ ಹೋಗಲಿ. ಬೆಟ್ಟದ ಕೆಳಗಿನ ಕಾಲೇಜನ್ನೇ ನಾವು ಸೇರಿಸಿಕೊಳ್ಳುತ್ತೇವೆ."

ಆರಾಧ್ಯರು ಹೇಳಿದರು, "ಅವರು ನಿಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ, ಮೊದಲು ಹೋಗಿ ಕೇಳು."



ಇದನ್ನು ಓದಿದವರು, ಆಡುವ ಮಕ್ಕಳಿರುವ ಕಡೆ, ಆಡಿಸುವ ದೊಡ್ಡವರು ಕೂಡುವ ಕಡೆ, ಇನ್ನೊಬ್ಬರಿಗೆ ಹೇಳಿರಿ.