ವಿರೂಪಯ್ಯನ ಚೊಕ್ಕಟ ಬಾಳೆಲೆ

“ಮಹಾಪ್ರಭು, ನಮ್ಮ ರಾಜ್ಯದಲ್ಲಿ ಕೆಟ್ಟು ನಿಂತ ಚಾರ್ಜಿಂಗ್ ಕಂಬ ಒಂದೂ ಇಲ್ಲ” ಎಂದು ದುರಸ್ತಿ ಇಲಾಖೆಯ ವಿರೂಪಯ್ಯ ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದ. “ನಲವತ್ತು ಕಂಬ, ಒಂದು ವರ್ಷ. ಬಂದ ದೂರು ಸೊನ್ನೆ.”

ಯಾವ ಕಾಲದ ರಾಜ, ಯಾವ ಕಾಲದ ಚಾರ್ಜಿಂಗ್ ಕಂಬ ಎಂದು ನನ್ನನ್ನು ಕೇಳಬೇಡಿ. ಹೊಂಗೆಗುಡ್ಡದಲ್ಲಿ ರಾಜನೂ ಇದ್ದ, ಕರೆಂಟೂ ಇತ್ತು, ಆಗಾಗ ಹೋಗುತ್ತಲೂ ಇತ್ತು. ರಸ್ತೆಬದಿಯ ಕಂಬಗಳ ದುರಸ್ತಿಗೆಂದು ರಾಜ ಚೆನ್ನಭೂಪಾಲ ಅನುದಾನ ಕೊಟ್ಟಿದ್ದ. ವಿರೂಪಯ್ಯ ಆ ಹಣದಲ್ಲಿ ಕಂಬಗಳಿಗೆ ಹಸಿರು ಬಣ್ಣ ಹೊಡೆಸಿ, ಹಾರ ಹಾಕಿಸಿ, ಕಾಯಿ ಒಡೆಸಿದ್ದ. ಒಳಗಿನ ತಂತಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ರಾಜ ಹಿಗ್ಗಿದ. “ಭಲೇ. ನಾಳೆ ಅರಮನೆಯಲ್ಲಿ ನಿಮಗೆ ಸನ್ಮಾನದ ಊಟ. ಮುಂದಿನ ವರ್ಷದ ಅನುದಾನವೂ ನಿಮ್ಮ ಕೈಗೇ.”

ಆಗ ಬಾಗಿಲ ಬಳಿಯಿಂದ ಒಬ್ಬ ಹೆಂಗಸು ಮುಂದೆ ಬಂದಳು. ಕಲ್ಲುಕುಟ್ಟಿಗೆಯ ಹಾಲವ್ವ. ಆ ಗುಡ್ಡದೂರಿಗೆ ಇದ್ದ ಒಂದೇ ಒಂದು ಗಾಡಿಯೆಂದರೆ ಅವಳ ಕರೆಂಟಿನ ಆಟೋ.

“ದೊರೆಗಳೇ, ನಮ್ಮೂರ ಕಂಬ ಕೆಟ್ಟು ಕುಂತೈತೆ. ಒಂಬತ್ತು ದಿನದಿಂದ ನನ್ ಆಟೋ ಅದರ ಮುಂದೇನೇ ನಿಂತೈತೆ. ಸೊಸೆಗೆ ದಿನ ತುಂಬೈತೆ. ಇವತ್ತೋ ನಾಳೆನೋ ನೋವು ಬಂದ್ರೆ ಆಸ್ಪತ್ರೆಗೆ ಹೆಗಲ ಮೇಲೆ ಹೊತ್ಕೊಂಡು ಹೋಗ್ಲಾ?”

“ದೂರು ಕೊಟ್ಟಿದ್ದೀಯಾ?” ಎಂದ ವಿರೂಪಯ್ಯ.

“ಮೂರು ಸಲ ಕೊಟ್ಟೆ. ಮೂರು ಸಲಾನೂ ವಾಪಸ್ ಕಳಿಸಿದ್ರಿ.”

“ಕಳಿಸಲೇಬೇಕು. ಕಂಬ ಕೆಟ್ಟಿದೆ ಅಂತ ದೂರು ಕೊಡೋರು ಆ ಕಂಬದಲ್ಲಿ ಚಾರ್ಜ್ ಮಾಡಿದ ರಸೀದಿ ಲಗತ್ತಿಸಬೇಕು. ಅದು ನಿಯಮ.”

“ಕೆಟ್ಟಿರೋ ಕಂಬ ರಸೀದಿ ಹೆಂಗೆ ಕೊಡ್ತೈತೆ ಸ್ವಾಮಿ?”

“ರಸೀದಿ ಇಲ್ಲದಿದ್ದರೆ ನೀನು ಕಂಬದ ಹತ್ತಿರ ಹೋಗಿದ್ದೆ ಅಂತ ನಾವು ಹೇಗೆ ನಂಬೋದು?”

ಹಾಲವ್ವನ ಕಣ್ಣು ತುಂಬಿತು. ಸಭೆಯ ಮೂಲೆಯಲ್ಲಿ ಕೂತಿದ್ದ ವಿದೂಷಕ ಸಂಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. “ಪ್ರಭು, ಈ ನಿಯಮವನ್ನು ಒಲೆಗೆ ಹಾಕಬೇಕು” ಎಂದ.

ರಾಜ ಹುಬ್ಬು ಗಂಟಿಕ್ಕಿದ. “ಅದಕ್ಕೆ ನನ್ನ ಮೊಹರು ಬಿದ್ದಿದೆ ಸಂಪಣ್ಣ. ತಪ್ಪೆಂದು ನೀನು ಹೇಳಿದರೆ ಸಾಲದು, ಅದನ್ನು ಬರೆದ ವಿರೂಪಯ್ಯನವರೇ ತಮ್ಮ ಬಾಯಿಂದ ಹೇಳಬೇಕು. ನಾಳೆ ಊಟ ಮುಗಿಯುವುದರೊಳಗೆ ಹೇಳಿಸು. ಆಗದಿದ್ದರೆ ಮತ್ತೆ ಈ ಸುದ್ದಿ ಎತ್ತಬೇಡ.”

ವಿರೂಪಯ್ಯ ಮೀಸೆಯಡಿಯಲ್ಲೇ ನಕ್ಕ. ತಾನು ಬರೆದ ನಿಯಮವನ್ನು ತಾನೇ ತಪ್ಪೆನ್ನಲು ಅವನಿಗೇನು ಹುಚ್ಚೇ?

“ಆಗಲಿ” ಎಂದ ಸಂಪಣ್ಣ. “ನಾಳೆ ಬಡಿಸುವ ಉಸ್ತುವಾರಿ ಮಾತ್ರ ನನಗಿರಲಿ.”

ಮರುದಿನ ವಿರೂಪಯ್ಯ ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದ. ರಾಜನ ಎದುರಿಗೇ ಮಣೆ, ಮುಂದೆ ದೊಡ್ಡ ಬಾಳೆಲೆ. ಉಪ್ಪು ಬಂತು, ಕೋಸಂಬರಿ ಬಂತು, ಪಲ್ಯ ಬಂತು, ಚಿತ್ರಾನ್ನ ಬಂತು. ಎಲ್ಲವೂ ವಿರೂಪಯ್ಯನ ಎಲೆಯೊಂದನ್ನು ದಾಟಿಕೊಂಡು ಮುಂದೆ ಹೋದವು. ರಾಜ ಕಂಡರೂ ಕಾಣದವನಂತೆ ಕೋಸಂಬರಿ ಮೆಲ್ಲುತ್ತಿದ್ದ.

ಪಂಕ್ತಿಯ ನಡುವೆ ಎದ್ದುಹೋಗುವಂತಿಲ್ಲ, ಅದು ಉಣ್ಣುತ್ತಿರುವವರಿಗೆಲ್ಲ ಮಾಡುವ ಅವಮಾನ. ಅನ್ನ, ತುಪ್ಪ, ಸಾರೂ ದಾಟಿಹೋದ ಮೇಲೆ ವಿರೂಪಯ್ಯ ಸಂಪಣ್ಣನನ್ನು ಕರೆದ. “ಏನ್ರೀ ಇದು, ನನಗೆ ಬಡಿಸಿಯೇ ಇಲ್ಲವಲ್ಲ?”

“ಅಯ್ಯೋ, ಹಾಗಾಯಿತೇ? ಒಂದು ದೂರು ಬರೆದುಕೊಡಿ ಸ್ವಾಮಿ, ಈಗಲೇ ವಿಚಾರಿಸುತ್ತೇನೆ.”

ಕಾಗದ, ಲೇಖನಿ ಸಿದ್ಧವಾಗಿಯೇ ಇದ್ದವು. ವಿರೂಪಯ್ಯ ಗೊಣಗುತ್ತ ಬರೆದುಕೊಟ್ಟ. ಸಂಪಣ್ಣ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

“ಲಗತ್ತು ಎಲ್ಲಿ?”

“ಏನು ಲಗತ್ತು?”

“ಊಟ ಬಡಿಸಿಲ್ಲ ಅಂತ ದೂರು ಕೊಡೋರು ಈ ಪಂಕ್ತಿಯಲ್ಲಿ ಉಂಡ ಎಂಜಲೆಲೆ ಲಗತ್ತಿಸಬೇಕು. ನಿಮ್ಮ ಎಲೆ ಚೊಕ್ಕಟವಾಗಿದೆ. ನೀವು ಊಟಕ್ಕೆ ಕೂತಿದ್ದಿರಿ ಅಂತ ನಾವು ಹೇಗೆ ನಂಬೋದು?”

“ಎದುರಿಗೇ ಕೂತಿದ್ದೀನಲ್ರೀ, ನಿಮಗೆ ಕಣ್ಣು ಕಾಣಲ್ವೇ?”

“ಹಾಲವ್ವನ ಆಟೋನೂ ಕಂಬದ ಎದುರಿಗೇ ನಿಂತಿದೆಯಲ್ಲ ಸ್ವಾಮಿ, ನಿಮಗೆ ಕಂಡಿತೇ?”

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಅಷ್ಟರಲ್ಲಿ ಬಿಸಿಬಿಸಿ ಹೋಳಿಗೆ ಬಂತು. ಈಚೆಯವನಿಗೆ ಎರಡು, ಆಚೆಯವನಿಗೆ ಮೂರು, ನಡುವಿನವನಿಗೆ ಬರೀ ಘಮಘಮ. ವಿರೂಪಯ್ಯನ ಹೊಟ್ಟೆ ತಾಳ ಹಾಕತೊಡಗಿತು.

“ಉಂಡವನು ಯಾಕ್ರೀ ಉಂಡಿಲ್ಲ ಅಂತ ದೂರು ಕೊಡ್ತಾನೆ?” ಎಂದು ಅವನು ಕೂಗಿಯೇಬಿಟ್ಟ. “ಇಂಥ ನಿಯಮ ಬರೆದವನಿಗೆ ತಲೆಯಲ್ಲಿ ಮಿದುಳು ಇದೆಯೇನು?”

ತಾನು ಬೈದದ್ದು ಯಾರನ್ನು ಎಂದು ವಿರೂಪಯ್ಯನಿಗೆ ಆಗ ಹೊಳೆಯಿತು. ರಾಜನಂತೂ ಮಜ್ಜಿಗೆ ನೆತ್ತಿಗೇರುವವರೆಗೂ ನಕ್ಕ.

“ನಿಯಮ ರದ್ದು” ಎಂದ. “ಇವರಿಗೆ ಬಡಿಸಿ.”

“ಬಡಿಸೋಣ ಪ್ರಭು, ಆದರೆ ಇಲ್ಲಲ್ಲ” ಎಂದ ಸಂಪಣ್ಣ. “ಇವರ ಊಟವನ್ನು ಬುತ್ತಿ ಕಟ್ಟಿಸಿ ಕಲ್ಲುಕುಟ್ಟಿಗೆಗೆ ಕಳಿಸಿದ್ದೇನೆ. ಹಾಲವ್ವ ಕಂಬದ ಬುಡದಲ್ಲಿ ಇಟ್ಟುಕೊಂಡು ಕಾಯುತ್ತಿದ್ದಾಳೆ. ಆಟೋ ಚಾರ್ಜ್ ಆದ ಕೂಡಲೇ ಬಡಿಸುತ್ತಾಳೆ.”

ಅನುದಾನ ಒಂದು ವರ್ಷದಲ್ಲಿ ಮಾಡದ ಕೆಲಸವನ್ನು ಹಸಿವು ಒಂದು ಮಧ್ಯಾಹ್ನದಲ್ಲಿ ಮಾಡಿತು. ವಿರೂಪಯ್ಯ ಕೆಲಸಗಾರರನ್ನು ಕಟ್ಟಿಕೊಂಡು ಓಡಿದ. ಒಳಗಿನ ತಂತಿ ಬದಲಾಯಿತು, ಆಟೋ ಎದ್ದಿತು. ಉಳಿದ ಮೂವತ್ತೊಂಬತ್ತು ಕಂಬಗಳಿಗೂ ಅದೇ ಏರ್ಪಾಡು: ಬುತ್ತಿ ಮುಂದೆ, ವಿರೂಪಯ್ಯ ಹಿಂದೆ.

ಎರಡು ದಿನ ಬಿಟ್ಟು ಸೊಸೆಗೆ ನೋವು ಬಂತು. ಹಾಲವ್ವನೇ ಆಟೋ ಓಡಿಸಿಕೊಂಡು ಆಸ್ಪತ್ರೆಗೆ ಸೇರಿಸಿದಳು. ಹೆಣ್ಣು ಮಗು. ಸಕ್ಕರೆ ಹಂಚಲು ಅವಳು ಅರಮನೆಗೂ ಬಂದಳು.

ಸಕ್ಕರೆ ಬಾಯಿಗೆ ಹಾಕಿಕೊಂಡ ರಾಜ ತನ್ನ ಕೊರಳ ಸರ ತೆಗೆದು ಸಂಪಣ್ಣನಿಗೆ ಹಾಕಿದ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ನಿಜ ಹೇಳಬೇಕೆಂದರೆ ಆ ನಿಯಮವನ್ನು ನಾನು ಓದಿಯೇ ಇರಲಿಲ್ಲ. ಓದದೆ ಮೊಹರು ಒತ್ತುತ್ತೀರಿ ಎಂದು ಒಬ್ಬರಾದರೂ ನನಗೆ ಹೇಳಬಾರದಿತ್ತೇನಯ್ಯಾ?” ಎಂದ.

“ಮೂರು ವರ್ಷದ ಹಿಂದೆಯೇ ಅರ್ಜಿ ಬರೆದುಕೊಟ್ಟಿದ್ದೆ ಪ್ರಭು” ಎಂದ ಸಂಪಣ್ಣ. “ತಾವು ಅದಕ್ಕೂ ಮೊಹರು ಒತ್ತಿ ಕಳಿಸಿದಿರಿ.”